ಎದುರಾಳಿ ಟಿಕೆಟ್ ಘೋಷಿಸಿದ ಸಂಜೆ

ನೋಡಪ್ಪ, ಎದುರು ಪಕ್ಷದವರು ಯಾರೂ ಎಣಿಸದ ಹೆಸರಿಗೆ ಬಿ ಫಾರಂ ಕೊಟ್ಟ ದಿನ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಫೋನುಗಳು ಒಟ್ಟಿಗೆ ಬಡಿದುಕೊಳ್ಳುತ್ತವೆ. ವಾರ್ಡಿನ ವಾಟ್ಸಾಪ್ ಗ್ರೂಪು ನೋಡಿಕೊಳ್ಳುವವನು ನೀನು. ಆಗ ನಿನ್ನ ಬೆರಳಿಗೆ ಮೊದಲು ಬರುವ ಮಾತು ಯಾವುದೆಂದು ನನಗೆ ಗೊತ್ತು: ‘ಹೊರಗಿನವನು’. ಅದಲ್ಲದಿದ್ದರೆ ‘ಡಮ್ಮಿ’. ಇನ್ನೂ ಸಿಟ್ಟಿದ್ದರೆ ‘ದುಡ್ಡು ಕೊಟ್ಟು ಟಿಕೆಟ್ ತಂದವನು’. ಮೂರನ್ನೂ ಬರೆಯಬೇಡ. ಅದು ನಿಜವೋ ಸುಳ್ಳೋ ಆ ಸಂಜೆ ನಿನಗೆ ಗೊತ್ತಿರುವುದೇ ಇಲ್ಲ.

2004ರ ಕಥೆ ಹೇಳುತ್ತೇನೆ, ಕೇಳು. ಬೆಂಗಳೂರು ಉತ್ತರದಲ್ಲಿ ಕಾಂಗ್ರೆಸ್ಸಿನಿಂದ ಸಿ.ಕೆ. ಜಾಫರ್ ಷರೀಫ್. ರೈಲ್ವೆ ಮಂತ್ರಿಯಾಗಿದ್ದವರು, 1977ರಿಂದ ಆ ಕ್ಷೇತ್ರವನ್ನು ಮತ್ತೆ ಮತ್ತೆ ಗೆದ್ದವರು. ಅವರೆದುರು ಬಿಜೆಪಿ ತಂದು ನಿಲ್ಲಿಸಿದ್ದು ಎಚ್.ಟಿ. ಸಾಂಗ್ಲಿಯಾನ ಅವರನ್ನು. ಮಿಜೋರಾಂ ಮೂಲದವರು, ಕ್ರೈಸ್ತರು, ಪೊಲೀಸ್ ಖಾಕಿಯಿಂದ ಬಂದವರು. ಬಿಜೆಪಿಗೂ ಇವರಿಗೂ ಎಲ್ಲಿಂದೆಲ್ಲಿಗೆ ನಂಟು ಎಂದು ನಗುವುದು ಸುಲಭವಿತ್ತು. ಆದರೆ ನಕ್ಕವರು ಎರಡು ಸಂಗತಿ ಮರೆತಿದ್ದರು. 1988ರಲ್ಲಿ ಶಂಕರ್ ನಾಗ್ ಅಭಿನಯದ ‘ಸಾಂಗ್ಲಿಯಾನ’ ಸಿನಿಮಾ ಬಂದಿತ್ತು, 1990ರಲ್ಲಿ ಅದರ ಎರಡನೇ ಭಾಗವೂ. ಆ ಹೆಸರನ್ನು ಮತದಾರರಿಗೆ ಪರಿಚಯಿಸಲು ಒಂದು ಕರಪತ್ರವೂ ಬೇಕಿರಲಿಲ್ಲ. ಇನ್ನೊಂದು, ಬಿಜೆಪಿ ಕಡೆ ತಲೆಯೆತ್ತಿಯೂ ನೋಡದ ಮನೆಗಳ ಬಾಗಿಲು ಈ ಒಬ್ಬ ಅಭ್ಯರ್ಥಿಗೆ ತೆರೆಯುತ್ತಿತ್ತು. ಷರೀಫ್ ಸೋತರು.

‘ಹೊರಗಿನವನು’ ಎಂಬುದನ್ನು ನಮ್ಮ ಕಡೆ ಆಡುವುದಕ್ಕೆ ಮೊದಲು ಹತ್ತು ಸಲ ಯೋಚಿಸು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದ ಮೇಲೆ ಅದರ ಬೆನ್ನಿಗೆ ಸಿಪಾಯಿ, ಅಡುಗೆಯವನು, ಗುತ್ತಿಗೆದಾರ, ಜವಳಿ ವ್ಯಾಪಾರಿ ಎಲ್ಲರೂ ಬಂದರು. ರಸೆಲ್ ಮಾರ್ಕೆಟ್ಟಿನಲ್ಲಿ ದಖನಿ, ಹಲಸೂರಿನ ಸಂದಿಯಲ್ಲಿ ತಮಿಳು, ಕೆ.ಆರ್. ಪುರದ ಕಡೆ ಹೋದಂತೆ ಕನ್ನಡದ ಜೊತೆ ತೆಲುಗು. ನೀನು ಒಬ್ಬ ಅಭ್ಯರ್ಥಿಯನ್ನು ಹೊರಗಿನವನು ಅಂದರೆ, ಕಾಕ್ಸ್‌ಟೌನಿನಲ್ಲಿ ಮೂರು ತಲೆಮಾರಿನಿಂದ ಇರುವ ಮನೆಯವರು ಅದು ತಮಗೇ ಹೇಳಿದ್ದೆಂದು ತಿಳಿಯುತ್ತಾರೆ. ಅವರು ಜಗಳಕ್ಕೆ ಬರುವುದಿಲ್ಲ. ಬೂತಿಗೆ ಮಾತ್ರ ಬರುತ್ತಾರೆ.

ಸಾಂಗ್ಲಿಯಾನ ಅವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 2008ರ ಜುಲೈನಲ್ಲಿ ಅಣು ಒಪ್ಪಂದದ ಗಲಾಟೆಯ ನಡುವೆ ಲೋಕಸಭೆಯಲ್ಲಿ ವಿಶ್ವಾಸಮತ. ಅವರು ಪಕ್ಷದ ವಿಪ್ ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿದರು, ಬಿಜೆಪಿ ಉಚ್ಚಾಟಿಸಿತು. ಮರುವರ್ಷ ಹೊಸದಾಗಿ ರೂಪುಗೊಂಡ ಬೆಂಗಳೂರು ಕೇಂದ್ರಕ್ಕೆ ಕಾಂಗ್ರೆಸ್ ಅಭ್ಯರ್ಥಿ ಯಾರು? ಅದೇ ಸಾಂಗ್ಲಿಯಾನ. ಪಿ.ಸಿ. ಮೋಹನ್ ಎದುರು ಸುಮಾರು 35 ಸಾವಿರ ಮತಗಳಿಂದ ಸೋತರು, ಅದು ಬೇರೆ ಮಾತು. ಐದು ವರ್ಷದ ಹಿಂದೆ ಅವರನ್ನು ಬೈದಿದ್ದ ಕಾಂಗ್ರೆಸ್ ಹುಡುಗರು ಈಗ ಅವರಿಗೇ ಜೈ ಅನ್ನಬೇಕಾಯಿತು. ಅದೇ ಚುನಾವಣೆಯಲ್ಲಿ ಪಕ್ಕದ ಬೆಂಗಳೂರು ಉತ್ತರದಲ್ಲಿ ಷರೀಫರ ಎದುರು ಬಿಜೆಪಿಯಿಂದ ನಿಂತು ಗೆದ್ದವರು ಡಿ.ಬಿ. ಚಂದ್ರೇಗೌಡ. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರು ಕ್ಷೇತ್ರವನ್ನು ಬಿಟ್ಟುಕೊಟ್ಟವರು! ಒಂದೇ ಊರು, ಒಂದೇ ಚುನಾವಣೆ, ಅಭ್ಯರ್ಥಿಗಳು ಅದಲು ಬದಲು. ಹಳೆಯ ಕಾರ್ಯಕರ್ತರಾದ ನಾವು ನಾಲಿಗೆಯನ್ನು ಸ್ವಲ್ಪ ಹಿಡಿತದಲ್ಲಿಟ್ಟುಕೊಂಡೇ ಮಾತಾಡುವುದು ಇದಕ್ಕೇ.

ದೊಡ್ಡವರೂ ಜಾರುತ್ತಾರೆ. 2008ರ ಆಗಸ್ಟ್ 29ರಂದು ಅಮೆರಿಕದಲ್ಲಿ ಜಾನ್ ಮೆಕೇನ್ ಉಪಾಧ್ಯಕ್ಷ ಸ್ಥಾನಕ್ಕೆ ಅಲಾಸ್ಕಾದ ಗವರ್ನರ್ ಸಾರಾ ಪಾಲಿನ್ ಅವರನ್ನು ಆರಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿದರು. ಒಬಾಮ ಅವರ ವಕ್ತಾರರು ಕೂಡಲೇ, ಒಂಬತ್ತು ಸಾವಿರ ಜನರ ಪುಟ್ಟ ಊರಿನ ಮಾಜಿ ಮೇಯರ್ ಎಂದು ಹೀಯಾಳಿಸಿ ಹೇಳಿಕೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಒಬಾಮ ಮತ್ತು ಬೈಡನ್ ಬೇರೆಯೇ ಹೇಳಿಕೆ ಹೊರಡಿಸಿ ಆಕೆಯನ್ನು ಅಭಿನಂದಿಸಿದರು. ತಮ್ಮ ಮನದ ಮಾತು ಈ ಎರಡನೆಯದೇ ಎಂದು ಒಬಾಮ ಆಮೇಲೆ ಹೇಳಬೇಕಾಯಿತು. ಆಕೆಗೆ ಅನುಭವ ಸಾಕೇ ಎಂದು ಕೇಳಿದ್ದು ತಪ್ಪಲ್ಲ, ಕೇಳಲೇಬೇಕಾದ ಪ್ರಶ್ನೆ. ಆದರೆ ಪುಟ್ಟ ಊರು ಅಂದದ್ದು ಅಮೆರಿಕದ ಎಲ್ಲ ಪುಟ್ಟ ಊರುಗಳಿಗೂ ತಾಗುವ ಮಾತು. ಮುಂದೆ ಪಾಲಿನ್ ಅವರಿಗೆ ಪೆಟ್ಟು ಬಿದ್ದದ್ದು ಟಿವಿ ಸಂದರ್ಶನಗಳಲ್ಲಿ ಅವರೇ ಕೊಟ್ಟ ಉತ್ತರಗಳಿಂದ. ಎದುರಾಳಿಗೆ ಮಾತಾಡಲು ಬಿಡುವುದೂ ಒಂದು ಕೆಲಸ ಕಣಪ್ಪ.

ಇನ್ನು ಕೆಲವರನ್ನು ಬೈಯಲು ಬರುವುದೇ ಇಲ್ಲ. 2024ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಬಿಜೆಪಿ ಟಿಕೆಟ್ ಕೊಟ್ಟದ್ದು ದೇವೇಗೌಡರ ಅಳಿಯ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರಿಗೆ. ಅಪ್ಪನ ಎದೆನೋವಿಗೆ ಜಯದೇವಕ್ಕೆ ಓಡಿದವನ ಮುಂದೆ ಆ ಡಾಕ್ಟರ ಬಗ್ಗೆ ಏನೆನ್ನುತ್ತೀಯ? ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರಂಥ ಗಟ್ಟಿ ಸಂಸದರು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು.

ಹಾಗಾದರೆ ಏನು ಮಾಡಬೇಕು ಅಂತೀಯ. ಆ ಸಂಜೆ ಒಂದು ಸಾಲು ಸಾಕು: ಸ್ವಾಗತ, ನಮ್ಮ ಚರ್ಚೆ ಕುಡಿಯುವ ನೀರು, ರಸ್ತೆ, ಕೆರೆಯ ಮೇಲೆ. ಆಮೇಲೆ ಕುಳಿತು, ಇವರನ್ನೇ ಯಾಕೆ ಆರಿಸಿದರು ಎಂದು ಲೆಕ್ಕ ಹಾಕು. ಯಾರೂ ಎಣಿಸದ ಹೆಸರಿನಲ್ಲಿ ಎದುರಾಳಿಯ ಭಯ ಅಡಗಿರುತ್ತದೆ, ತನ್ನಲ್ಲಿ ಏನು ಕೊರತೆ ಎಂದು ಅವನೇ ಬರೆದುಕೊಟ್ಟಂತೆ. ಮಾತಾಡಲೇಬೇಕಾದರೆ ಆ ವ್ಯಕ್ತಿ ಮಾಡಿದ ಕೆಲಸದ ಮೇಲೆ, ಹಾಕಿದ ಮತದ ಮೇಲೆ ಮಾತಾಡು. ಜಾತಿ, ಊರು, ಹೆಂಡತಿ ಮಕ್ಕಳು ಬೇಡ.

ಟಿಕೆಟ್ ಸಿಕ್ಕವನಿಗಿಂತ ತಪ್ಪಿದವನ ಮೇಲೆ ಹೆಚ್ಚು ಕಣ್ಣಿಡು. ಕೆ.ಆರ್. ಪುರದಲ್ಲಿ 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನ ಬೈರತಿ ಬಸವರಾಜ್ ಎದುರು ಬಿಜೆಪಿಯಿಂದ ಸೆಣಸಿದವರು ನಂದೀಶ್ ರೆಡ್ಡಿ. 2019ರ ಉಪಚುನಾವಣೆ ಹೊತ್ತಿಗೆ ಬೈರತಿಯವರೇ ಬಿಜೆಪಿ ಅಭ್ಯರ್ಥಿ! ಟಿಕೆಟ್ ತಪ್ಪಿದ ನಂದೀಶ್ ಕಡೆಯವರು ಒಳಗೊಳಗೇ ಒಡೆಯುತ್ತಾರೆ ಎಂದು ಲೆಕ್ಕ ಹಾಕಿದವರ ಲೆಕ್ಕ ತಪ್ಪಿತು, ಬೈರತಿ 60 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅದೇ ದಿನ ಶಿವಾಜಿನಗರದಲ್ಲಿ ಕಥೆ ಬೇರೆ: ಕಾಂಗ್ರೆಸ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದ ರೋಷನ್ ಬೇಗ್‌ ಅವರಿಗೆ ಬಿಜೆಪಿ ಟಿಕೆಟ್ ಸಿಗಲಿಲ್ಲ, ಅದು ಎಂ. ಸರವಣ ಅವರಿಗೆ ಹೋಯಿತು, ಕಾಂಗ್ರೆಸ್ಸಿನ ರಿಜ್ವಾನ್ ಅರ್ಷದ್ ಗೆದ್ದರು. ಒಂದು ಕ್ಷೇತ್ರದ ಲೆಕ್ಕ ಇನ್ನೊಂದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಆ ಸಂಜೆ ಫೋನ್ ಜೇಬಿಗೆ ಹಾಕಿಕೊಂಡು, ಟಿಕೆಟ್ ತಪ್ಪಿದವರ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಾ. ಗೇಟಿನ ಮುಂದೆ ಎಷ್ಟು ಗಾಡಿ ನಿಂತಿವೆ, ಒಳಗೆ ಹೋದವರು ಯಾರು, ಎಷ್ಟು ಹೊತ್ತಿಗೆ ಹೊರಬಂದರು ಎಂದು ನೋಡಿಕೋ. ಫೋಟೋ ಮಾತ್ರ ತೆಗೆಯಬೇಡ.