ಹಸು ಮಾರಿ ಚೆಕ್ ಪಡೆಯುವ ಮುನ್ನ



ಸಂಘಕ್ಕೆ ಹಾಕಿದ ಹಾಲಿನ ಹಣಕ್ಕೆ ಸಂಘವೇ ಹೊಣೆ. ಆದರೆ ಕರೆಯುವ ಹಸು, ಕಡಸು, ಕೊಟ್ಟಿಗೆ ಗೊಬ್ಬರ ಅಥವಾ ಹುಲ್ಲಿನ ಮೆದೆ ಮಾರುವಾಗ ವ್ಯವಹಾರದ ಹೊಣೆ ನಮ್ಮದೇ. ಇಂತಹ ಮಾರಾಟದಲ್ಲಿ ಹೊರಗಿನ ವ್ಯಾಪಾರಿಗಳು ಚೆಕ್ ಕೊಡುವುದುಂಟು. ಚೆಕ್ ಎಂದರೆ ಹಣವಲ್ಲ. ಹಣ ಕೊಡುವಂತೆ ಬ್ಯಾಂಕಿಗೆ ಬರೆದ ಆದೇಶ ಮಾತ್ರ. ಬರೆದವರ ಖಾತೆಯಲ್ಲಿ ಹಣವಿಲ್ಲದಿದ್ದರೆ ಅದು ವಾಪಸು ಬರುತ್ತದೆ. ಅಷ್ಟರಲ್ಲಿ ಹಸು ಯಾವ ಊರು ಸೇರಿರುತ್ತದೋ ಹೇಳಲಾಗದು.

ಚೆಕ್ ಕೈಗೆ ಬಂದಾಗ ನೋಡಬೇಕಾದವು

1. ನಿಮ್ಮ ಹೆಸರು ಪಾಸ್ ಪುಸ್ತಕದಲ್ಲಿ ಇರುವಂತೆಯೇ ಇರಬೇಕು.

2. ಮೊತ್ತ ಅಕ್ಷರದಲ್ಲಿಯೂ ಅಂಕಿಯಲ್ಲಿಯೂ ಒಂದೇ ಆಗಿರಬೇಕು.

3. ತಾರೀಖು ನೋಡಿ. 2012ರ ಏಪ್ರಿಲ್ 1ರಿಂದ ಚೆಕ್‌ನ ಅವಧಿ 3 ತಿಂಗಳು ಮಾತ್ರ. ಹಿಂದಿನಂತೆ 6 ತಿಂಗಳಲ್ಲ. ಮುಂದಿನ ತಾರೀಖು ಹಾಕಿದ್ದರೆ ಆ ದಿನದವರೆಗೆ ಹಣ ಸಿಗದು. ಅದು ಸಾಲ ಕೊಟ್ಟಂತೆಯೇ ಸರಿ.

4. ಹೆಸರು ಅಥವಾ ಮೊತ್ತ ತಿದ್ದಿದ ಚೆಕ್ ಬೇಡ. ಪಕ್ಕದಲ್ಲಿ ಸಹಿ ಹಾಕಿದರೂ ಸಾಲದು, ಹೊಸದನ್ನೇ ಬರೆಸಿಕೊಳ್ಳಿ.

5. ಎಡ ಮೇಲ್ತುದಿಯಲ್ಲಿ ಎರಡು ಗೆರೆ ಎಳೆಸಿ 'ಅಕೌಂಟ್ ಪೇಯಿ' ಎಂದು ಬರೆಸಿ. ಆಗ ಹಣ ನಿಮ್ಮ ಖಾತೆಗೇ ಬರುತ್ತದೆ. ಚೆಕ್ ಕಳೆದರೂ ಬೇರೆಯವರು ನಗದು ಮಾಡಿಕೊಳ್ಳಲಾರರು.

ಹಸು ಬಿಟ್ಟುಕೊಡುವ ಮೊದಲು

ಬ್ಯಾಂಕಿಗೆ ಚೆಕ್ ಕಟ್ಟಿದ ಚೀಟಿಯನ್ನು ಹಣ ಬಂದಂತೆ ಭಾವಿಸಬಾರದು. ಖಾತೆಗೆ ಜಮಾ ಆಗಿದೆಯೆಂದು ಬ್ಯಾಂಕಿನಲ್ಲಿ ವಿಚಾರಿಸಿದ ಮೇಲೆ ಹಸುವಿನ ಹಗ್ಗ ಬಿಚ್ಚಿ. ಕೊಳ್ಳುವವರಿಗೆ ಅವಸರವಿದ್ದರೆ ನೇರವಾಗಿ ಖಾತೆಗೆ ಹಣ ಹಾಕಲು ಹೇಳಿ. ಪ್ರಾಮಾಣಿಕರು ಇದಕ್ಕೆ ಬೇಸರಪಡುವುದಿಲ್ಲ.

ಮಾರಾಟದ ಚೀಟಿಯನ್ನೂ ಬರೆಸಿಕೊಳ್ಳಿ. ಅದರಲ್ಲಿ ಕೊಂಡವರ ಹೆಸರು, ವಿಳಾಸ, ಹಸುವಿನ ಕಿವಿಯೋಲೆಯ ನಂಬರು, ಬೆಲೆ ಮತ್ತು ಚೆಕ್ ನಂಬರು ಇರಲಿ. ಇಬ್ಬರ ಸಹಿಯೂ ಬೇಕು. ಮುಂದೆ ತಕರಾರು ಬಂದರೆ ಚೆಕ್ ಯಾವ ಬಾಕಿಗಾಗಿ ಬಂತೆಂಬುದಕ್ಕೆ ಇದೇ ಆಧಾರ.

ಚೆಕ್ ವಾಪಸಾದರೆ

ಬ್ಯಾಂಕು ಕಾರಣ ಬರೆದ ಚೀಟಿಯೊಡನೆ ಚೆಕ್ ಹಿಂತಿರುಗಿಸುತ್ತದೆ. ಎರಡನ್ನೂ ಜೋಪಾನವಾಗಿಡಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಂತೆ, ಸಲ್ಲಬೇಕಾದ ಬಾಕಿಗೆ ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ ಅದು ಅಪರಾಧ. ಶಿಕ್ಷೆ 2 ವರ್ಷದವರೆಗೆ ಸೆರೆವಾಸ, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಆದರೆ ಗಡುವು ಮೀರಬಾರದು.

ಉದಾಹರಣೆಗೆ, ವಾಪಸಾದ ವಿಷಯ ಜೂನ್ 10ರಂದು ನಿಮಗೆ ತಿಳಿಯಿತೆನ್ನೋಣ. 30 ದಿನದೊಳಗೆ, ಅಂದರೆ ಜುಲೈ 10ರೊಳಗೆ, ಹಣ ಕೇಳಿ ಲಿಖಿತ ನೋಟೀಸು ಕಳಿಸಬೇಕು. ಅಂಚೆಯ ರಸೀದಿ ಇಟ್ಟುಕೊಳ್ಳಿ. ಆತನಿಗೆ ನೋಟೀಸು ಜೂನ್ 20ರಂದು ತಲುಪಿದರೆ, ಹಣ ಕೊಡಲು 15 ದಿನ, ಅಂದರೆ ಜುಲೈ 5ರವರೆಗೆ ಕಾಲಾವಕಾಶ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ, ಅಂದರೆ ಆಗಸ್ಟ್ 5ರೊಳಗೆ, ನ್ಯಾಯಾಲಯದಲ್ಲಿ ದೂರು ಸಲ್ಲಿಸಬೇಕು. 2015ರ ತಿದ್ದುಪಡಿಯ ನಂತರ, ಖಾತೆಗೆ ಕಟ್ಟಿದ ಚೆಕ್‌ನ ದೂರನ್ನು ನಿಮ್ಮ ಖಾತೆಯಿರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹೂಡಬಹುದು. ವ್ಯಾಪಾರಿಯ ಊರಿಗೆ ಅಲೆಯಬೇಕಿಲ್ಲ.

'ನಾಳೆ ಕೊಡುತ್ತೇನೆ, ನಾಡಿದ್ದು ಕೊಡುತ್ತೇನೆ' ಎಂಬ ಮಾತು ನಂಬಿ ದಿನ ಕಳೆಯಬೇಡಿ. ಮಾತುಕತೆ ನಡೆಯಲಿ, ನೋಟೀಸೂ ಹೋಗಲಿ. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದ ಸದಸ್ಯರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು.

ವರ್ಷಗಟ್ಟಲೆ ಸಾಕಿದ ಹಸುವಿನ ಬೆಲೆ ಒಂದು ಕಾಗದದ ಮೇಲೆ ನಿಂತಿರುತ್ತದೆ. ಆ ಕಾಗದವನ್ನು ಓದಿ, ಓದಲು ಬಾರದಿದ್ದರೆ ಸಂಘದ ಕಾರ್ಯದರ್ಶಿಯವರಿಂದ ಓದಿಸಿ, ಆಮೇಲೆ ಕೈಗೆ ತೆಗೆದುಕೊಳ್ಳಿ.