ಅಟ್ಟಕ್ಕೆ ಮರ, ಬೀರುವಿಗೆ ಶೀಟು

ಮನೆಗೊಂದು ಬೀರು, ಮಕ್ಕಳಿಗೆ ಪುಸ್ತಕದ ಗೂಡು, ಕಾಯಿಗೆ ಅಟ್ಟ, ಏನನ್ನೇ ಮಾಡಿಸಲು ಹೊರಟರೂ ನೀವು ಮೊದಲು ಕೇಳುವುದು ‘ಯಾವ ಮರ ಒಳ್ಳೇದು?’ ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಅದು ಎಲ್ಲಿ ನಿಲ್ಲುತ್ತದೆ, ಎಷ್ಟು ಭಾರ ಹೊರುತ್ತದೆ, ನೀರು ತಾಗುತ್ತದೆಯೇ? ತುರುವೇಕೆರೆಗೋ ತಿಪಟೂರಿಗೋ ಹೋಗಿ, ಅಂಗಡಿಯವರು ತೋರಿಸಿದ್ದನ್ನು ಗಾಡಿಗೆ ಹೇರಿಕೊಂಡು ಬಂದು, ಆಮೇಲೆ ಆಚಾರ್ರನ್ನು ಕರೆಯುವ ಅಭ್ಯಾಸ ದಯವಿಟ್ಟು ಬಿಡಿ. ಆಚಾರ್ರು ಬಂದು ಅಳತೆ ಹಿಡಿದ ಮೇಲೆ ಅಂಗಡಿಗೆ ಹೋಗಿ.

ಅಟ್ಟದ ಮಾತು ಮೊದಲು ಆಡೋಣ. ದಬ್ಬೇಘಟ್ಟದ ಸುತ್ತ ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲಿ ಕಾಯಿ 8ರಿಂದ 12 ತಿಂಗಳು ಅಟ್ಟದ ಮೇಲೇ ಇರುತ್ತದೆ. ಒಂದು ಕಾಯಿಗೆ ಒಂದು ಕೆಜಿ ಎಂದು ಹಿಡಿದರೂ ಸಾವಿರ ಕಾಯಿಗೆ ಒಂದು ಟನ್ ಆಯಿತು. ಈ ಭಾರ ಹೊರುವ ತೊಲೆಗೆ ಕಂಜೂಸು ಮಾಡಬೇಡಿ. ಈಚೆಗೆ ಕೆಲವರು ‘ನೀಟಾಗಿರುತ್ತೆ, ಕಸ ಉದುರಲ್ಲ’ ಅಂತ ಅಟ್ಟಕ್ಕೆ ಪ್ಲೈವುಡ್ ಶೀಟು ಹಾಸುತ್ತಿದ್ದಾರೆ. ನಿಮ್ಮಜ್ಜ ಹಲಗೆ ಹಲಗೆ ನಡುವೆ ಸಂದು ಬಿಟ್ಟದ್ದು ಮರ ಸಾಲದೆ ಬಂದದ್ದಕ್ಕಲ್ಲ. ಕೆಳಗಿನ ಗಾಳಿ, ಬಿಸಿ, ಹೊಗೆ ಮೇಲೇರಿ ಕಾಯಿಯ ತೇವ ಹೋಗಬೇಕು. ಶೀಟು ಹಾಸಿ ಗಾಳಿ ಕಟ್ಟಿದರೆ ಕಾಯಿ ಕೊಳೆಯುತ್ತದೆ, ಆ ತೇವಕ್ಕೆ ಶೀಟೂ ಪದರ ಬಿಡುತ್ತದೆ. ಅಟ್ಟಕ್ಕೆ ರೀಪು ಅಥವಾ ಪಟ್ಟಿ ಹಲಗೆಯೇ ಸರಿ.

ತೋಟದಲ್ಲೇ ಹಳೇ ತೆಂಗಿನ ಮರ ಇದ್ದರೆ ತೊಲೆಗೆ, ಪಟ್ಟಿಗೆ ಅದೇ ಆಗುತ್ತದೆ. ಆದರೆ ತೆಂಗು ಬೇರೆ ಮರದಂತಲ್ಲ. ಹಲಸಿಗೋ ಬೇವಿಗೋ ಗಟ್ಟಿ ಚೇಗು ಒಳಗಿದ್ದರೆ, ತೆಂಗಿಗೆ ಗಟ್ಟಿತನವೆಲ್ಲ ಹೊರಸುತ್ತಿನಲ್ಲಿ, ಬುಡದ ಕಡೆ. ನಡುವೆ ಮೆತ್ತಗೆ, ತುದಿ ಇನ್ನೂ ಮೆತ್ತಗೆ. ಅರುವತ್ತು ವರ್ಷ ದಾಟಿದ ಮರದ ಕೆಳಭಾಗದ ಹೊರಸುತ್ತನ್ನು ತೊಲೆಗೆ ತೆಗೆದುಕೊಳ್ಳಿ, ತುದಿಯ ಭಾಗವನ್ನು ಸೌದೆಗೆ ಬಿಡಿ. ಅಣಬೆ ರೋಗ ಬಂದು ಸತ್ತ ಮರವಾದರೆ ಬುಡವೇ ಕೊಳೆತಿರುತ್ತದೆ, ಕೊಯ್ದು ನೋಡದೆ ನಂಬಬೇಡಿ. ಕಡಿದ ಮರವನ್ನು ತಿಂಗಳುಗಟ್ಟಲೆ ತೋಟದಲ್ಲೇ ಮಲಗಿಸಿಡಬೇಡಿ, ಹಸಿಯಿರುವಾಗಲೇ ಕೊಯ್ಯಿಸಿ. ಒಣಗಿದರೆ ಸಾ ಮಿಲ್ಲಿನ ಬ್ಲೇಡು ಮೊಂಡಾಗುತ್ತದೆ, ಅವರು ಗೊಣಗುವುದರಲ್ಲೂ ನ್ಯಾಯವಿದೆ. ಮೊಳೆ ಹೊಡೆಯುವ ಮುಂಚೆ ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳುತ್ತದೆ. ನೆಲದಲ್ಲಿ ಹೂಳುವ ಕಂಬಕ್ಕೆ ಮಾತ್ರ ತೆಂಗು ಬೇಡವೇ ಬೇಡ, ಬೇಗ ಕೊಳೆಯುತ್ತದೆ.

ಕಡಿಯುವ ವಿಚಾರದಲ್ಲಿ ಒಂದು ಎಚ್ಚರಿಕೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆ ಮರಗಳಿಗೆ ವಿನಾಯಿತಿ ಇದೆ. ಬದುವಿನ ಮೇಲಿನ ಹಲಸು, ತೇಗ ‘ನಮ್ಮದೇ ಜಮೀನಲ್ವಾ’ ಅಂತ ಕೊಡಲಿ ಎತ್ತುವ ಮುಂಚೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿ ಬನ್ನಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವಂತಾಗಬಾರದು.

ಬಾಗಿಲು ಕಿಟಕಿಗೆ ಹಲಸು ಚೆನ್ನ. ಹೊಸದರಲ್ಲಿ ಹಳದಿ, ಬರುಬರುತ್ತ ಕಂದು. ವೀಣೆ ಮಾಡುವವರೂ ಇದನ್ನೇ ಹುಡುಕುತ್ತಾರೆ. ಬೇವಿನ ಚೇಗಿಗೂ ಹುಳುವಿನ ಕಾಟ ಕಡಿಮೆ. ಮಾವು, ಸಿಲ್ವರ್ ಓಕ್ ಅಗ್ಗ, ಆದರೆ ಗೆದ್ದಲಿಗೆ, ಕುಟ್ಟೆಗೆ ಬೇಗ ಸೋಲುತ್ತವೆ. ಒಳಗಿನ ಸಣ್ಣಪುಟ್ಟ ಕೆಲಸಕ್ಕೆ ಸಾಕು. ಯಾವುದೇ ಹಲಗೆಯಲ್ಲಿ ಹೊರಗಿನ ಬಿಳಿ ಭಾಗ ಹೆಚ್ಚಿದ್ದರೆ ಬೆಲೆ ಕಡಿಮೆಯಾದರೂ ಬೇಡ ಅನ್ನಿ, ಹುಳು ಮೊದಲು ಹಿಡಿಯುವುದು ಅದನ್ನೇ. ತೇಗ ಎಂದು ಬಣ್ಣ ಬಳಿದು ಬೇರೆ ಮರ ದಾಟಿಸುವವರೂ ಇದ್ದಾರೆ. ಹೊಸ ಮನೆಗೆ ಲಕ್ಷಗಟ್ಟಲೆ ಸುರಿಯುವವರು ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಂದು ತುಂಡು ಒಯ್ದು ಯಾವ ಮರವೆಂದು ತಿಳಿದುಕೊಳ್ಳಬಹುದು.

ಲೆಕ್ಕವನ್ನೂ ಕಲಿಯಿರಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 8 ಅಡಿ ಉದ್ದ, 9 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಸರಿಯಾಗಿ ಒಂದು ಘನ ಅಡಿ. ಇದೊಂದು ನೆನಪಿದ್ದರೆ ಯಾರೂ ನಿಮಗೆ ಟೋಪಿ ಹಾಕಲಾರರು. ಹಲಗೆ ತಂದ ಮೇಲೆ ನೆರಳಲ್ಲಿ, ನಡುನಡುವೆ ರೀಪು ಕೊಟ್ಟು ಪೇರಿಸಿ. ಒಣಗಿತೋ ಇಲ್ಲವೋ ಅಂತ ಊಹೆ ಮಾಡಬೇಡಿ. ಕೊಬ್ಬರಿ ತೂಗುವ ತಕ್ಕಡಿ ಮನೆಯಲ್ಲೇ ಇದೆಯಲ್ಲ, ಒಂದು ಹಲಗೆಗೆ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ತೋಪಡ ಹಿಡಿಸಿ. ಹಸಿ ಮರದಲ್ಲಿ ಬಾಗಿಲು ಮಾಡಿಸಿ, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಆಚಾರ್ರನ್ನು ಬಯ್ಯುವುದು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಇನ್ನು ಶೀಟು. ಬೀರು, ಗೂಡು, ಅಡುಗೆಮನೆಯ ಕಪಾಟಿಗೆ ಪ್ಲೈವುಡ್ಡೇ ಲೇಸು, ಸೊಟ್ಟಗಾಗುವುದು ಕಡಿಮೆ. ಐಎಸ್‌ಐ ಗುರುತಿನ ಜೊತೆ ಇರುವ ನಂಬರು ಓದಿ. 303 ಅಂದರೆ ಸಾಮಾನ್ಯ ಬಳಕೆಯದು, 710 ಅಂದರೆ ನೀರು ತಡೆಯುವ ಮರೀನ್ ಪ್ಲೈ. ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕ 710 ಹಾಕಿ. ಮಲಗುವ ಕೋಣೆಗೆ ಅದರ ದುಡ್ಡು ದಂಡ. ಪಾರ್ಟಿಕಲ್ ಬೋರ್ಡನ್ನು ನೀರಿರುವ ಕಡೆ ತರಲೇಬೇಡಿ, ಊದಿಕೊಳ್ಳುತ್ತದೆ. ಕಾಸಿಗೆ ತಕ್ಕ ಕಜ್ಜಾಯ. ಅಂಗಡಿಯಲ್ಲೇ ನಾಲ್ಕು ಮೂಲೆಯ ದಪ್ಪ ಅಳೆಯಿರಿ, ಬೆರಳಲ್ಲಿ ತಟ್ಟಿ, ಪೊಳ್ಳು ಸದ್ದು ಬಂದರೆ ವಾಪಸು ಕೊಡಿ. ಮನೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸದೆ ಮಟ್ಟಸವಾಗಿ ಮಲಗಿಸಿ.

ಕತ್ತರಿಸುವ ಮುಂಚೆ ಕಾಗದದ ಮೇಲೆ 8×4 ಅಡಿಯ ಶೀಟು ಬರೆದು ತುಂಡುಗಳನ್ನು ಜೋಡಿಸಿ ನೋಡಿ. ನಾಲ್ಕು ಅಡಿಯಲ್ಲಿ 12 ಇಂಚಿನ ನಾಲ್ಕು ಹಲಗೆ ಬರುತ್ತದೆ ಅಂದುಕೊಳ್ಳುತ್ತೀರಿ. ಬರುವುದಿಲ್ಲ. ಬ್ಲೇಡು ಒಂದೊಂದು ಕೊಯ್ತಕ್ಕೂ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ, ಮೂರು ಕೊಯ್ತಕ್ಕೆ 9 ಹೋಯಿತು. ಪೇಪರಿನಲ್ಲೇ ಅದನ್ನು ಕಳೆಯಿರಿ. ಮೇಲ್ಪದರದ ಎಳೆ 8 ಅಡಿಯ ಕಡೆ ಓಡುತ್ತದೆ. ಗೂಡಿನ ಹಲಗೆಯ ಉದ್ದವೂ ಅದೇ ಕಡೆ ಬರಲಿ, ಇಲ್ಲವಾದರೆ ಬೇಗ ಬಾಗುತ್ತದೆ. ಹಾಗೆ ಮಾಡಿದರೂ 18 ಮಿಲಿಮೀಟರ್ ಹಲಗೆ ಎರಡೂವರೆ ಅಡಿ ದಾಟಿ ಪುಸ್ತಕ ಹೊರಬೇಕಾದರೆ ನಡುವೆ ಆಧಾರ ಕೊಡಿ.

ಕೈಯಲ್ಲಿ ಹಿಡಿದು ಓಡಿಸುವ ಮಷೀನಾದರೆ ಚೆಂದದ ಮುಖ ಕೆಳಗಿರಲಿ, ಹಲ್ಲು ಮೇಲಕ್ಕೆ ಬರುವಾಗ ಚಕ್ಕೆ ಏಳುತ್ತದೆ. ಕೈಗರಗಸವಾದರೆ ಚೆಂದದ ಮುಖ ಮೇಲಿರಲಿ. ಗೆರೆಯ ಮೇಲೆ ಟೇಪು ಅಂಟಿಸಿ, ಹಲ್ಲು ಹೆಚ್ಚಿರುವ ಬ್ಲೇಡು ಹಾಕಿ, ಎರಡೂ ಬದಿಗೆ ಆಧಾರ ಕೊಡಿ.

ಈಗ ಬಯ್ಯುವ ಸರದಿ. ಮಾರ್ಬಲ್ ಕಟರಿಗೋ ಗ್ರೈಂಡರಿಗೋ ಮರದ ಬ್ಲೇಡು ಸಿಕ್ಕಿಸಿ, ಅಡ್ಡ ಅನ್ನುತ್ತ ಗಾರ್ಡು ಕಿತ್ತೆಸೆದು, ಲುಂಗಿ ಎತ್ತಿ ಕಟ್ಟಿ, ಕಾಲಲ್ಲಿ ಶೀಟು ಒತ್ತಿ ಕತ್ತರಿಸುವವರನ್ನು ನಾನು ಎಷ್ಟು ಬಾರಿ ನೋಡಿಲ್ಲ! ಆತುರಗಾರನಿಗೆ ಬುದ್ಧಿ ಮಟ್ಟ. ಗಾರ್ಡು ಇರಲೇಬೇಕು, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕಾಲಿಗೆ ಚಪ್ಪಲಿಯಲ್ಲ, ಮುಚ್ಚಿದ ಶೂ. ಸೆರಗು, ಜೋಲುವ ತೋಳು ಸಿಕ್ಕಿಸಿಕೊಳ್ಳಿ. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಬೇಡ, ಅದೇ ಕೈಯನ್ನು ಎಳೆದುಕೊಳ್ಳುತ್ತದೆ. ಬ್ಲೇಡು ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಉಳಿದ ಪ್ಲೈ ಚೂರುಗಳನ್ನು ನೀರೊಲೆಗೆ ತುರುಕಬೇಡಿ, ಅಟ್ಟದ ಕೆಳಗೆ ಹೊಗೆ ಹಾಕುವುದಕ್ಕಂತೂ ಬೇಡವೇ ಬೇಡ. ಅದರ ಅಂಟು ಸುಟ್ಟ ಹೊಗೆ ಕೆಟ್ಟದ್ದು, ನಿಮ್ಮ ಎದೆಗೂ ಕಾಯಿಗೂ. ಒಲೆಗೆ ತೆಂಗಿನ ಮಟ್ಟೆ, ಗರಿ ಹಿತ್ತಿಲಲ್ಲೇ ಬಿದ್ದಿದೆ.