ಇಂಚು ಅಳೆಯುವ ಮೊದಲು ಹಾಲ್ ಅಳೆಯಿರಿ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮೊದಲು 50 ಸಾವಿರವಿದ್ದ ಸೆಟ್ಟಿನಲ್ಲಿ ಇದರಿಂದ ಸುಮಾರು 3,900 ರೂಪಾಯಿ ಉಳಿಯಬೇಕು. ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿರಲಿ, ವಡೋದರಾದ ರಿಫೈನರಿಯಲ್ಲಿರಲಿ, ಸೂರತ್ ಬಳಿಯ ಹಜೀರಾದ ಕಾರ್ಖಾನೆಗಳಲ್ಲಿರಲಿ, ಅಲ್ಲಿ ನೆಲೆಸಿದ ನಮ್ಮ ಕನ್ನಡಿಗರು ಆ ಉಳಿತಾಯವನ್ನು ನೇರವಾಗಿ ಇನ್ನೂ ಹತ್ತು ಇಂಚಿಗೆ ಸುರಿಯಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಗುಜರಾತಿನ ಮನೆಯ ಹಾಲ್‌ಗೆ ಅದರದೇ ಗುಣಗಳಿವೆ: ತೂಗುಮಂಚ, ನುಣುಪು ನೆಲ, ಉರಿ ಬಿಸಿಲು. ಟಿವಿ ಬದುಕಬೇಕಾದದ್ದು ಅಲ್ಲಿ, ಶೋರೂಮಿನ ಎಸಿಯಲ್ಲಲ್ಲ.

1. ಹಳೆಯದನ್ನು ಮೊದಲು ವಿಚಾರಿಸಿಕೊಳ್ಳಿ

ಟಿವಿ ನಿಧಾನವಾಗಿದೆ, ಆ್ಯಪ್ ತೆರೆಯುತ್ತಿಲ್ಲ ಎಂಬುದೊಂದೇ ದೂರಾದರೆ ಕೆಟ್ಟಿರುವುದು ಪರದೆಯಲ್ಲ, ಒಳಗಿನ ಸಾಫ್ಟ್‌ವೇರ್ ಹಳತಾಗಿದೆ ಅಷ್ಟೇ. ಕೆಲವು ಸಾವಿರದ ಸ್ಟ್ರೀಮಿಂಗ್ ಕಡ್ಡಿಯನ್ನು ಎಚ್‌ಡಿಎಂಐ ತೂತಿಗೆ ಸಿಕ್ಕಿಸಿದರೆ ಇನ್ನೂ ಮೂರ್ನಾಲ್ಕು ವರ್ಷ ದೂಡಬಹುದು. ಮಾತು ಸರಿಯಾಗಿ ಕೇಳುತ್ತಿಲ್ಲ ಎಂಬ ದೂರಾದರೂ ಟಿವಿ ಬದಲಿಸಬೇಡಿ, ಸ್ಪೀಕರ್ ತನ್ನಿ. ಪರದೆಯಲ್ಲಿ ಗೆರೆ ಬಿದ್ದಿದ್ದರೆ, ಒಂದು ಮೂಲೆ ಕಪ್ಪಾಗಿದ್ದರೆ ಮಾತ್ರ ಹೊಸದರ ಮಾತು. ಪ್ಯಾನಲ್ ಬದಲಿಸುವ ಖರ್ಚು ಹಲವು ಸಲ ಹೊಸ ಟಿವಿಯ ಹತ್ತಿರಕ್ಕೆ ಹೋಗುತ್ತದೆ.

2. ಟೇಪು ಹಿಡಿದು ದೂರ ನೋಡಿ

ಸೋಫಾದಿಂದ ಗೋಡೆಗೆ ಎಷ್ಟು ಅಡಿ? 4ಕೆ ಪರದೆಯಾದರೆ ಅದರ ಕರ್ಣದ 1.2ರಿಂದ 1.6 ಪಟ್ಟು ದೂರದಲ್ಲಿ ಕೂತರೆ ಚೆನ್ನ. ಅಂದರೆ 43 ಇಂಚಿಗೆ ನಾಲ್ಕೂಕಾಲರಿಂದ ಐದೂಮುಕ್ಕಾಲು ಅಡಿ, 55ಕ್ಕೆ ಐದೂವರೆಯಿಂದ ಏಳೂಕಾಲು, 65ಕ್ಕೆ ಆರೂವರೆಯಿಂದ ಎಂಟೂಮುಕ್ಕಾಲು. ಹನ್ನೆರಡು ಅಡಿ ದೂರ ಕೂರುವವರು 43 ಇಂಚಿನ 4ಕೆ ಕೊಂಡರೆ ಆ ಹೆಚ್ಚುವರಿ ಚುಕ್ಕಿಗಳು ಕಣ್ಣಿಗೆ ಕಾಣುವುದೇ ಇಲ್ಲ. ಇನ್ನೊಂದು ಮಾತು: ಮನೆಯಲ್ಲಿ ಹೆಚ್ಚು ಹೊತ್ತು ಓಡುವುದು ಸಾಮಾನ್ಯ ದರ್ಜೆಯ ಕೇಬಲ್ ಚಾನೆಲ್ ಆದರೆ ತೀರಾ ದೊಡ್ಡ ಪರದೆ ಅದರ ಮಸುಕನ್ನು ಇನ್ನೂ ಎತ್ತಿ ತೋರಿಸುತ್ತದೆ.

3. ಹೀಂಚ್ಕೋ ಇದ್ದರೆ ಪ್ಯಾನಲ್ ಬೇರೆ

ಗುಜರಾತಿ ಮನೆಯನ್ನು ಬಾಡಿಗೆಗೆ ಹಿಡಿದವರಿಗೆ ಗೊತ್ತು, ಹಾಲ್‌ನಲ್ಲೋ ಅದಕ್ಕೆ ಅಂಟಿದ ಬಾಲ್ಕನಿಯಲ್ಲೋ ತೂಗುಮಂಚಕ್ಕೆ ಕೊಂಡಿ ಇದ್ದೇ ಇರುತ್ತದೆ. ಅದನ್ನೇ ಅಲ್ಲಿ ಹೀಂಚ್ಕೋ ಎನ್ನುವುದು. ಮನೆಯ ಹಿರಿಯರ ಪೀಠ ಅದೇ, ಟಿವಿ ನೋಡುವ ಜಾಗವೂ ಅದೇ. ತೊಂದರೆಯೆಂದರೆ ಅದು ಪರದೆಯ ನೇರಕ್ಕೆ ಇರುವುದು ಅಪರೂಪ, ಸಾಮಾನ್ಯವಾಗಿ ಒಂದು ಪಕ್ಕಕ್ಕಿರುತ್ತದೆ. ಎಲ್‌ಇಡಿ ಟಿವಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ಯಾನಲ್. ವಿಎ ಪ್ಯಾನಲ್‌ನಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಸೋರಿದ ಹಾಗೆ ಕಾಣುತ್ತದೆ. ಐಪಿಎಸ್ ಪ್ಯಾನಲ್ ಪಕ್ಕದಿಂದಲೂ ಬಣ್ಣ ಉಳಿಸಿಕೊಳ್ಳುತ್ತದೆ, ಕತ್ತಲೆಯಲ್ಲಿ ಮಾತ್ರ ಅದರ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಲೆಡ್ ಎರಡನ್ನೂ ಗೆಲ್ಲುತ್ತದೆ, ಜೇಬನ್ನೂ ಗೆಲ್ಲುತ್ತದೆ. ಅಂಗಡಿಯಲ್ಲಿ ಟಿವಿಯ ಮುಂದೆ ನಿಂತು ತೃಪ್ತಿಪಡಬೇಡಿ. ಮನೆಯ ತೂಗುಮಂಚ ಯಾವ ಕೋನದಲ್ಲಿದೆಯೋ ಆ ಕೋನಕ್ಕೆ ಸರಿದು ನೋಡಿ. ಮಾರುವವನು ನಕ್ಕರೆ ನಗಲಿ.

4. ಬಿಸಿಲಿಗೂ ಶೋರೂಮಿಗೂ ಮೋಸಹೋಗಬೇಡಿ

ಅಂಗಡಿಯಲ್ಲಿ ಎಲ್ಲ ಟಿವಿಗಳೂ ‘ವಿವಿಡ್’ ಅಥವಾ ‘ಸ್ಟೋರ್’ ಮೋಡ್‌ನಲ್ಲಿ ಮಿಂಚುತ್ತಿರುತ್ತವೆ. ರಿಮೋಟ್ ಕೇಳಿ ಪಡೆದು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಹಾಕಿಸಿ ನೋಡಿ. ಮನುಷ್ಯರ ಮೈಬಣ್ಣ ಮನುಷ್ಯರ ಮೈಬಣ್ಣದಂತೆ ಕಂಡರೆ ಮುಂದಕ್ಕೆ ಹೋಗಿ.

ಪಶ್ಚಿಮಕ್ಕೆ ಕಿಟಕಿಯಿರುವ ಹಾಲ್‌ನಲ್ಲಿ ಅಹಮದಾಬಾದಿನ ಮೇ ತಿಂಗಳ ಮಧ್ಯಾಹ್ನವನ್ನು ನೆನೆಸಿಕೊಳ್ಳಿ. ಅಲ್ಲಿ ಪ್ರಕಾಶ ಹೆಚ್ಚಿರುವ ಮಿನಿ ಎಲ್‌ಇಡಿ ಕೆಲಸಕ್ಕೆ ಬರುತ್ತದೆ. ಒಲೆಡ್ ಸಂಜೆಯ ಮೇಲೆ ದೀಪ ತಗ್ಗಿಸಿ ಸಿನಿಮಾ ನೋಡುವವರ ವಸ್ತು. ಬೆಳಗಿನಿಂದ ರಾತ್ರಿಯವರೆಗೆ ಕನ್ನಡದ ಸುದ್ದಿ ಚಾನೆಲ್ ಹಚ್ಚಿಟ್ಟಿರುವ ಮನೆಯಾದರೆ ಒಲೆಡ್ ಬೇಡವೇ ಬೇಡ. ಕೆಳಗೆ ಓಡುವ ಪಟ್ಟಿ, ಮೂಲೆಯ ಲೋಗೋ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉರಿದು ಪರದೆಯ ಮೇಲೆ ನೆರಳಾಗಿ ಅಚ್ಚೊತ್ತುವ ಅಪಾಯವಿದೆ.

5. ಬಜೆಟ್ಟಿನ ಮೂರನೇ ಒಂದು ಪಾಲು ಸೌಂಡಿಗೆ

ಇಡೀ ಪಟ್ಟಿಯಲ್ಲಿ ಒಂದನ್ನೇ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಟಿವಿಗಳು ತೆಳುವಾದಷ್ಟೂ ಸ್ಪೀಕರ್‌ಗೆ ಜಾಗವಿಲ್ಲದಾಯಿತು. ಈಗಿನ ಟಿವಿಗಳ ಸ್ಪೀಕರ್ ಹೆಚ್ಚಾಗಿ ಕೆಳಕ್ಕೋ ಹಿಂದಕ್ಕೋ ಮುಖಮಾಡಿ ಗೋಡೆಯ ಜೊತೆ ಮಾತಾಡುತ್ತದೆ. ಹಿನ್ನೆಲೆ ಸಂಗೀತ ಅಬ್ಬರಿಸುವಾಗ ನಾಯಕ ಏನಂದ ಎಂದು ಅಮ್ಮ ಕೇಳುವುದು, ನೀವು ವಾಲ್ಯೂಮ್ ಏರಿಸುವುದು, ಮುಂದಿನ ಜಾಹೀರಾತಿಗೆ ಎಲ್ಲರೂ ಬೆಚ್ಚಿಬೀಳುವುದು, ಇದೆಲ್ಲ ಅಲ್ಲಿಂದ ಹುಟ್ಟಿದ್ದು. 90 ಸಾವಿರ ಇದ್ದರೆ ಟಿವಿಗೆ 60, ಸೌಂಡಿಗೆ 30 ಇಡಿ. ಅದಕ್ಕಾಗಿ ಹತ್ತು ಇಂಚು ಬಿಟ್ಟುಕೊಡಬೇಕಾದರೆ ಬಿಟ್ಟುಕೊಡಿ.

ಸೌಂಡ್‌ಬಾರ್ ಕೊಳ್ಳುವಾಗ ಮಾತಿಗೆಂದೇ ನಡುವೆ ಪ್ರತ್ಯೇಕ ಚಾನೆಲ್ ಇದೆಯೇ ಎಂದು ಕೇಳಿ. 2.1ಕ್ಕೂ 3.1ಕ್ಕೂ ಇರುವ ವ್ಯತ್ಯಾಸ ಅದೇ, ಮನೆಯವರ ಕಿವಿಗೆ ಮೊದಲು ತಿಳಿಯುವುದೂ ಅದೇ. ಡಬ್ಬದ ಮೇಲಿನ ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ಶಕ್ತಿ ಬೇಕು. ಪಿಎಂಪಿಓ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದ ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಬನ್ನಿ, ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನು ನೋಡಿ.

ಸಂಗೀತ ಕೇಳುವ ಮನೆಯಾದರೆ ನನ್ನ ಮತ ಸೌಂಡ್‌ಬಾರ್‌ಗಲ್ಲ. ಒಂದು ಸಾಧಾರಣ ಆಂಪ್ಲಿಫೈಯರ್, ಎರಡು ಬುಕ್‌ಶೆಲ್ಫ್ ಸ್ಪೀಕರ್ ಸಾಕು. ಮುಂದೆ ರಿಸೀವರ್ ಕೊಂಡು ನಡುವಿನದನ್ನೂ ಹಿಂದಿನವನ್ನೂ ಒಂದೊಂದಾಗಿ ಸೇರಿಸಬಹುದು. ಸೌಂಡ್‌ಬಾರ್ ಕೆಟ್ಟರೆ ಇಡಿಯಾಗಿ ಹೋಗುತ್ತದೆ. ಒಳ್ಳೆಯ ಸ್ಪೀಕರ್ ಮಾತ್ರ ಮೂರು ಟಿವಿಗಳನ್ನು ದಾಟಿ ಬಾಳುತ್ತದೆ. ತಂತಿ ಕೊಳ್ಳುವಾಗ ಶುದ್ಧ ತಾಮ್ರದ್ದೇ ಕೇಳಿ. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಹಚ್ಚಿದ್ದು ಅಗ್ಗ, ಆದರೆ ಅದರ ರೋಧ ಹೆಚ್ಚು. ಸೂರತ್‌ನ ಕಡಲ ಗಾಳಿಗೆ ತಂತಿಯ ತುದಿ ಕಪ್ಪಾಗುತ್ತದೆ, ಆಗಾಗ ಕತ್ತರಿಸಿ ಹೊಸದಾಗಿ ಸಿಕ್ಕಿಸಿ.

6. ಸೂರತ್‌ನ ಬಟ್ಟೆ ತನ್ನಿ

ಕೋಟಾ ಕಲ್ಲು, ಮಾರ್ಬಲ್, ವಿಟ್ರಿಫೈಡ್ ಟೈಲ್ಸ್, ಬರಿ ಗೋಡೆ, ಗಾಜಿನ ಬಾಗಿಲು: ಬೇಸಿಗೆಗೆ ತಂಪು, ಕಿವಿಗೆ ಹಿಂಸೆ. ಹಾಲ್‌ನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಝಣ್’ ಎಂದು ಮರುಸದ್ದು ಬಂದರೆ ಎರಡು ಲಕ್ಷದ ಸ್ಪೀಕರ್ ತಂದರೂ ಮಾತು ಕಲಸಿಕೊಳ್ಳುತ್ತದೆ. ಇದಕ್ಕೆ ಮದ್ದು ದೇಶದ ದೊಡ್ಡ ಬಟ್ಟೆ ಪೇಟೆಗಳಲ್ಲೊಂದಾದ ಸೂರತ್‌ನ ರಿಂಗ್ ರೋಡಿನಲ್ಲೇ ಸಿಗುತ್ತದೆ. ಗಾಜಿನ ಮುಂದೆ ನೆರಿಗೆ ತುಂಬಿದ ದಪ್ಪ ಪರದೆ, ಸೋಫಾಕ್ಕೂ ಟಿವಿಗೂ ನಡುವೆ ಒಂದು ಜಮಖಾನೆ, ಹಿಂಗೋಡೆಗೆ ಪುಸ್ತಕದ ಕಪಾಟು. ಇಷ್ಟು ಮಾಡಿ, ಅದೇ ಸಿನಿಮಾದ ಅದೇ ದೃಶ್ಯ ಮತ್ತೆ ಹಾಕಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಫಲ ಕೊಡುವ ಅಪ್‌ಗ್ರೇಡ್ ಇನ್ನೊಂದಿಲ್ಲ.

ಫ್ಲ್ಯಾಟ್‌ನಲ್ಲಿದ್ದರೆ ಸಬ್‌ವೂಫರ್ ಕೆಳಗೆ ದಪ್ಪ ರಬ್ಬರ್ ಮೆತ್ತೆ ಇಡಿ. ಕೆಳಮನೆಯ ಬೆನ್, ಅಂದರೆ ಅಕ್ಕ, ಮೇಲೆ ಬಂದು ಬಾಗಿಲು ಬಡಿಯುವುದು ತಪ್ಪುತ್ತದೆ.

7. ಹಿಂದಿನ ತೂತುಗಳನ್ನು ಎಣಿಸಿ

ಮೂರು ಎಚ್‌ಡಿಎಂಐ ಇರಲಿ, ಅದರಲ್ಲೊಂದು ಸೌಂಡ್‌ಬಾರ್‌ಗೋ ರಿಸೀವರ್‌ಗೋ ಧ್ವನಿ ಕಳಿಸುವ ಇಆರ್ಕ್ ಆಗಿರಲಿ. ಹಳೆಯ ಆಪ್ಟಿಕಲ್ ತಂತಿಯಲ್ಲಿ ಸುತ್ತಲಿಂದ ಕೇಳಿಸುವ ಡಾಲ್ಬಿ ಅಟ್ಮಾಸ್ ಧ್ವನಿ ಹೋಗುವುದಿಲ್ಲ. ಮಕ್ಕಳು ಪ್ಲೇಸ್ಟೇಷನ್ 5 ಆಡುವವರಾದರೆ 120 ಹರ್ಟ್ಸ್ ಪರದೆ, ಎಚ್‌ಡಿಎಂಐ 2.1 ಕೇಳಿ. ಇಲ್ಲದಿದ್ದರೆ ಆ ದುಡ್ಡು ಉಳಿಸಿ.

8. ಕನ್ನಡ ಯಾವ ದಾರಿಯಲ್ಲಿ ಬರುತ್ತದೆ, ವಿಚಾರಿಸಿ

ಅಹಮದಾಬಾದಿಗೂ ಕನ್ನಡದ ಟಿವಿಗೂ ಹಳೆಯ ನಂಟು. 1975ರ ಆಗಸ್ಟ್ 1ರಂದು ಶುರುವಾಗಿ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿತು. ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಸಂಕೇತವನ್ನು ಮೇಲಕ್ಕೆ ಕಳಿಸುತ್ತಿದ್ದ ಮುಖ್ಯ ಭೂಕೇಂದ್ರ ಅಹಮದಾಬಾದಿನದು. ಒಂದು ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಜೋಡಿಸಿ ಕಳಿಸುವ ಅನುಕೂಲ ಆ ಉಪಗ್ರಹದಲ್ಲಿ ಆಗಲೇ ಇತ್ತು.

ಅದೇ ಅನುಕೂಲ ಇಂದು ನಿಮ್ಮ ರಿಮೋಟ್‌ನಲ್ಲಿದೆ, ಬಹಳ ಜನ ಒತ್ತುವುದಿಲ್ಲ. ‘ಆಡಿಯೋ’ ಆಯ್ಕೆಯಲ್ಲಿ ಕನ್ನಡ ಇದೆಯೇ ನೋಡಿ. ಇದ್ದರೂ ಡಬ್ ಆದ ಧ್ವನಿ ಕೆಲವೊಮ್ಮೆ ಬರೀ ಸ್ಟೀರಿಯೋ ಆಗಿರುತ್ತದೆ, ಮೂಲ ಭಾಷೆಯದು ಮಾತ್ರ ಅಟ್ಮಾಸ್. ಅದು ಸ್ಪೀಕರ್‌ನ ತಪ್ಪಲ್ಲ. ಇನ್ನು ಸ್ಥಳೀಯ ಕೇಬಲ್‌ನವರು ಮೊದಲು ಮುಂದಿಡುವುದು ಗುಜರಾತಿ, ಹಿಂದಿ ಚಾನೆಲ್‌ಗಳ ಪ್ಯಾಕ್. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ ಬೇಕಾದರೆ ಕೇಳಿಯೇ ಸೇರಿಸಿಕೊಳ್ಳಬೇಕು. ಆ್ಯಪ್‌ಗಳಲ್ಲಿ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ, ಜೀಯದ್ದು ಜೀ5ನಲ್ಲಿ. ಈ ಮೂರೂ ಟಿವಿಯಲ್ಲಿ ಸರಾಗವಾಗಿ ಓಡುತ್ತವೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿ.

ಕ್ರಿಕೆಟ್ ಮಾತ್ರ ಡಿಶ್‌ನಲ್ಲೋ ಕೇಬಲ್‌ನಲ್ಲೋ ನೋಡಿ. ಸ್ಟ್ರೀಮಿಂಗ್ ಹಲವು ಸೆಕೆಂಡು ಹಿಂದೆ ಓಡುತ್ತದೆ. 2025ರ ಜೂನ್ 3ರಂದು ಮೊಟೇರಾದ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿಂದ ಸೋಲಿಸಿ ಮೊದಲ ಐಪಿಎಲ್ ಕಪ್ ಎತ್ತಿತು. ಹದಿನೆಂಟನೇ ಸೀಸನ್‌ಗೆ ಬಂದ ಗೆಲುವನ್ನು ಪಕ್ಕದ ಮನೆಯ ಕೂಗಿನಿಂದ ತಿಳಿಯುವ ದುಃಖ ಯಾರಿಗೂ ಬೇಡ.

9. ‘ಛೆಲ್ಲೋ ಭಾವ್’ ಕೇಳಿ, ‘ಪಾಕು ಬಿಲ್’ ಬಿಡಬೇಡಿ

ಅಹಮದಾಬಾದಿನ ರಿಲೀಫ್ ರೋಡ್‌ನಂಥ ಹಳೆಯ ಪೇಟೆಯಲ್ಲಿ ಚೌಕಾಸಿ ಮಾಡದೆ ಕೊಂಡರೆ ಅಂಗಡಿಯವನಿಗೇ ಬೇಸರ. ಕೊನೆಯ ಬೆಲೆ, ಅಂದರೆ ‘ಛೆಲ್ಲೋ ಭಾವ್’, ಕೇಳಲು ನಾಚಬೇಡಿ. ದೊಡ್ಡ ಸರಣಿ ಮಳಿಗೆಯ ದರವನ್ನು ಫೋನಿನಲ್ಲಿ ತೋರಿಸಿ, ಹಣದ ರಿಯಾಯಿತಿ ಬಾರದಿದ್ದರೆ ಗೋಡೆ ಬ್ರಾಕೆಟ್, ಎಚ್‌ಡಿಎಂಐ ತಂತಿ ಕೇಳಿ. ಆದರೆ ಜಿಎಸ್‌ಟಿ ಉಳಿಸಿಕೊಡುತ್ತೇನೆಂದು ಚೀಟಿಯ ಮೇಲೆ ಬರೆದುಕೊಡುವ ‘ಕಾಚು ಬಿಲ್’ ಬೇಡ. ಸೀರಿಯಲ್ ನಂಬರ್ ಇರುವ ‘ಪಾಕು ಬಿಲ್’ ಇಲ್ಲದೆ ವಾರಂಟಿ ಕೇಳುವುದು ಕಷ್ಟ.

ಹಬ್ಬದ ಲೆಕ್ಕವೂ ಇದೆ. ನಾವು ಆಯುಧಪೂಜೆಗೆ ಕೊಳ್ಳುತ್ತೇವೆ, ಅಲ್ಲಿನವರು ಧನತೇರಸ್‌ಗೆ. ಧನತೇರಸ್ ದಿನ ಡಬ್ಬ ಮನೆಗೆ ತಂದರೆ ಗೋಡೆಗೆ ಏರಿಸುವವರು ಸಿಗುವುದು ಕಷ್ಟ. ದೀಪಾವಳಿ ಮುಗಿದ ಮೇಲೆ ಅನೇಕ ಅಂಗಡಿಗಳು ಬಾಗಿಲು ತೆರೆಯುವುದು ಕಾರ್ತಿಕ ಶುದ್ಧ ಪಂಚಮಿಯಾದ ಲಾಭ ಪಾಂಚಮ್‌ಗೇ. ಅಲ್ಲಿಯವರೆಗೆ ಡಬ್ಬವನ್ನು ನೆಟ್ಟಗೆ ನಿಲ್ಲಿಸಿಡಿ, ಮಲಗಿಸಬೇಡಿ.

10. ನೆಲಮಹಡಿಯವರು ನೀರನ್ನು ನೆನೆಯಿರಿ

2006ರ ಆಗಸ್ಟ್‌ನಲ್ಲಿ ಉಕಾಯ್ ಅಣೆಕಟ್ಟೆಯ ನೀರು ಬಿಟ್ಟಾಗ ತಾಪಿ ನದಿ ಸೂರತ್ ನಗರದ ಬಹುಪಾಲನ್ನು ಮುಳುಗಿಸಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ವಡೋದರಾದ ಬಡಾವಣೆಗಳಿಗೆ ನುಗ್ಗಿತು, ಜೊತೆಗೆ ಮೊಸಳೆಗಳನ್ನೂ ತಂದಿತು. ಈ ಎರಡು ಊರಿನ ತಗ್ಗಿನಲ್ಲಿದ್ದರೆ ರಿಸೀವರನ್ನು ಕೆಳಗಿನ ಕಪಾಟಿನಲ್ಲಿಡಬೇಡಿ, ಸ್ವಿಚ್‌ಬೋರ್ಡನ್ನು ಸೊಂಟದ ಮೇಲೆ ಕೊಡಿಸಿ. ನೆಲದಲ್ಲೇ ಇರಬೇಕಾದ ಸಬ್‌ವೂಫರ್‌ನ ತಂತಿ ಒಂದೇಟಿಗೆ ಬಿಚ್ಚುವಂತಿರಲಿ. ಗುಡುಗಿನ ದಿನ ಪ್ಲಗ್ ಜೊತೆ ಡಿಶ್ ತಂತಿಯನ್ನೂ ಕಿತ್ತಿಡಿ. ಸ್ಟೆಬಿಲೈಸರ್‌ಗಿಂತ ಒಳ್ಳೆಯ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಮುಖ್ಯ.

11. ಉತ್ತರಾಯಣದ ಸ್ಪೀಕರ್ ಬೇರೆ

ಜನವರಿ 14ಕ್ಕೆ ಇಡೀ ಊರು ಗಾಳಿಪಟ ಹಿಡಿದು ತಾರಸಿ ಏರುತ್ತದೆ, ಸ್ಪೀಕರ್‌ಗಳೂ ಏರುತ್ತವೆ. ಮನೆಯ ಸೌಂಡ್‌ಬಾರ್ ಹೊತ್ತುಕೊಂಡು ಹೋಗಬೇಡಿ. ಬಿಸಿಲು, ಧೂಳು, ಕಾಲಿಗೆ ತೊಡರುವ ದಾರ ಮೂರೂ ಅದಕ್ಕೆ ವೈರಿಗಳು. ಬ್ಯಾಟರಿಯ ಪಾರ್ಟಿ ಸ್ಪೀಕರ್ ಒಂದನ್ನು ಸೊಸೈಟಿಯ ನಾಲ್ಕು ಮನೆಯವರು ಸೇರಿ ಕೊಳ್ಳಿ, ನವರಾತ್ರಿಯ ಗರ್ಬಾಕ್ಕೂ ಆಗುತ್ತದೆ. ಬಯಲಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗೆ ಸರ್ಕಾರ ಸಡಿಲಿಸಿದರೂ ಮಧ್ಯರಾತ್ರಿಯೇ ಗಡಿ.

12. ಗುಜರಿ ಕೊಳ್ಳುವ ಪಸ್ತಿಯವನಿಗೆ ಕೊಡುವ ಮುನ್ನ

ಹಳೆಯ ಡಬ್ಬ ಟಿವಿಯ ಗಾಜಿನಲ್ಲಿ ಸೀಸವಿದೆ, ಗುಜರಿಯಲ್ಲಿ ಒಡೆಯಲು ಬಿಡಬೇಡಿ. ಹೊಸದು ಕೊಂಡ ಅಂಗಡಿಗೇ ಎಕ್ಸ್‌ಚೇಂಜ್ ಕೊಡಿ, ಇಲ್ಲವೇ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕ್ಕೆ ಕಳಿಸಿ. ಸ್ಮಾರ್ಟ್ ಟಿವಿಯಾದರೆ ಖಾತೆಗಳಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಒತ್ತಿ ಕೊಡಿ. ಇಲ್ಲವಾದರೆ ಚಂದಾ ಕಟ್ಟುವವರು ನೀವು, ಸಿನಿಮಾ ನೋಡುವವರು ಇನ್ಯಾರೋ.